ವೇಣುಗ್ರಾಮ ಮತ್ತು ಪಲಸಿಗೆ: ನದಿ, ದಾರಿ, ಕೇರಿಗಳ ನಾಮವಿಚಾರ

ಒಂದು ಊರಿನ ಚರಿತ್ರವನ್ನು ಬರೆಯಹೊರಟವರು ಸಾಮಾನ್ಯವಾಗಿ ಅಲ್ಲಿ ಆಳಿದ ಅರಸರ ವಂಶಾವಳಿಯಿಂದ ಆರಂಭಿಸುವರು. ಬೆಳಗಾವಿಯ ವಿಷಯದಲ್ಲಿ ಈ ಕ್ರಮವು ಅಷ್ಟು ಫಲಕಾರಿಯಾಗಿ ತೋರುವದಿಲ್ಲ. ಕದಂಬರು, ರಟ್ಟರು, ಯಾದವರು, ವಿಜಯನಗರದವರು, ಬಹಮನಿ ಮತ್ತು ಆದಿಲಶಾಹಿ ಸುಲ್ತಾನರು, ಮರಾಠರು, ಆಂಗ್ಲರು ಎಂಬಿವರೆಲ್ಲರೂ ಒಬ್ಬರ ಹಿಂದೊಬ್ಬರು ಇಲ್ಲಿಗೆ ಬಂದು ಹೋದವರು. ಕೆಲವರು ಊರಿನ ಹೆಸರನ್ನೇ ಬದಲಿಸಲು ಯತ್ನಿಸಿ ಆಜಮನಗರವೆಂದೂ ಮುಸ್ತಫಾಬಾದವೆಂದೂ ಕರೆದರು. ಆ ಹೆಸರುಗಳು ದಫ್ತರಗಳಲ್ಲಿ ಉಳಿದವೇ ಹೊರತು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ನಿಂತವುಗಳು ಹಳ್ಳ ಹೊಳೆಗಳ, ಹಾದಿಗಳ, ಅಗಸೆಗಳ ಹೆಸರುಗಳು. ಇವುಗಳ ವಿಷಯದಲ್ಲಿ ಎರಡು ಮತಗಳು ಪ್ರಚಲಿತವಾಗಿವೆ. ಇವೆಲ್ಲವೂ ಪೇಶವೆಯವರ ಕಾಲದಿಂದೀಚೆಗೆ ಹುಟ್ಟಿದ ಮರಾಠಿಯ ಹೆಸರುಗಳೆಂಬುದು ಒಂದು; ಇವೆಲ್ಲವೂ ಮೂಲತಃ ಅಚ್ಚಕನ್ನಡವೆಂಬುದು ಇನ್ನೊಂದು. ಶಬ್ದಗಳ ವರ್ಣಪರಿಣಾಮವನ್ನು ನೋಡದೆ ಆಡಿದ ಮಾತುಗಳಾದ್ದರಿಂದ ಇವೆರಡೂ ಪರೀಕ್ಷೆಗೆ ನಿಲ್ಲತಕ್ಕವಲ್ಲ.

ಮೊದಲು ನೀರಿನ ವಿಚಾರ. ಖಾನಾಪುರ ತಾಲೂಕು ಸಹ್ಯಾದ್ರಿಯ ನೆತ್ತಿಯ ಮೇಲೆ ಹರಡಿಕೊಂಡಿದೆ. ಕಣಕುಂಬಿಯಲ್ಲಿ ಮಾವುಲಿದೇವಿಯ ಗುಡಿಯ ಬಳಿ ಹುಟ್ಟುವ ಮಲಪ್ರಭೆಯು ಪೂರ್ವಾಭಿಮುಖವಾಗಿ ಅಸೋಗೆ, ಖಾನಾಪುರಗಳನ್ನು ಹಾಯ್ದು ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದಕ್ಕೆ ತೀರ ಸಮೀಪದ ಕಾಡುಗಳಲ್ಲಿಯೇ ಹುಟ್ಟುವ ಮಹಾದಾಯಿಯು ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡವಿಯೆಂಬ ಹೆಸರಿನಿಂದ ಸಮುದ್ರವನ್ನು ಕೂಡುತ್ತದೆ. ಲೋಂಡೆಯ ಕಡೆಯ ಪಾಂಢರಿ ಹೊಳೆಯು ದಕ್ಷಿಣಕ್ಕೆ ಹೋಗಿ ಕಾಳಿಯಲ್ಲಿ ಲೀನವಾಗುತ್ತದೆ. ಬೈಲೂರಿನ ಕಡೆಯಿಂದ ಹೊರಡುವ ಮಾರ್ಕಂಡೇಯವು ರಕ್ಕಸಕೊಪ್ಪದ ಮಾರ್ಗವಾಗಿ ಬೆಳಗಾವಿಯ ಉತ್ತರ ಪಾರ್ಶ್ವವನ್ನು ಸುತ್ತಿ, ಗೋಕಾವಿಯ ಸಮೀಪ ಘಟಪ್ರಭೆಯನ್ನು ಸೇರುತ್ತದೆ. ಒಂದೇ ತಾಲೂಕಿನ ಮಳೆಯು ಹೀಗೆ ಎರಡು ಸಮುದ್ರಗಳ ಪಾಲಾಗುತ್ತದೆ. ಈ ನೀರದಿಣ್ಣೆಯ ಮೇಲೆಯೇ ಘಟ್ಟದ ಹಾದಿಗಳು ನಡೆದಿವೆ. ಆ ಹಾದಿಗಳು ಬಯಲಿಗೆ ಇಳಿಯುವಲ್ಲಿ ಬೆಳಗಾವಿ ಬೆಳೆದಿದೆ.

ಮಲಪ್ರಭೆಯೆಂಬುದು ಈಗಿನ ರೂಢಿಯ ಹೆಸರು. ಶಾಸನಗಳಲ್ಲಿ ಮಲಹಾರಿ, ಮಲಪಹಾರಿ ಮುಂತಾದ ರೂಪಗಳು ಕಾಣುವವು. ಮಲವನ್ನು, ಎಂದರೆ ಪಾಪವನ್ನು ಅಪಹರಿಸುವವಳೆಂಬ ಅರ್ಥವು ಅಲ್ಲಿ ಸ್ಪಷ್ಟವಾಗಿದೆ. 'ಪ್ರಭೆ'ಯನ್ನು ಸೇರಿಸಿಕೊಂಡ ರೂಪದಲ್ಲಿ ಈ ಅರ್ಥವು ಕೆಟ್ಟಿದೆ. ಮಲದ ಪ್ರಭೆಯೆಂಬುದಕ್ಕೆ ಯಾವ ವಿಗ್ರಹವಾಕ್ಯವನ್ನು ಹೇಳಿದರೂ ಅದು ಹಾಸ್ಯಾಸ್ಪದವೇ ಸರಿ. ನೆರೆಯ ಘಟಪ್ರಭೆಯ ಸಾಹಚರ್ಯದಿಂದ ಈ ರೂಪವು ಬಳಕೆಗೆ ಬಂದಿರಬೇಕೆಂದು ಊಹಿಸಬಹುದು.

ಈ ಪ್ರಾಂತದ ಅತ್ಯಂತ ಹಳೆಯ ನದೀನಾಮವು ದೊರೆಯುವದು ಖಾನಾಪುರ ತಾಲೂಕಿನ ಹಲಸಿಯಲ್ಲಿ. ಈ ಹಲಸಿಯೇ ಬನವಾಸಿಯ ಕದಂಬರ ಪಲಾಶಿಕಾ ನಗರ. ಇಲ್ಲಿ ಸಿಕ್ಕಿದ ತಾಮ್ರಪಟಗಳನ್ನು ಫ್ಲೀಟರು 19ನೆಯ ಶತಮಾನದಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮೃಗೇಶವರ್ಮನದೊಂದು ದಾನಪಟವಿದೆ. ಗತಿಸಿದ ತನ್ನ ತಂದೆಯ ಪುಣ್ಯಾರ್ಥವಾಗಿ ಆ ಅರಸನು ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರೆಂಬ ಮೂರು ಪಂಗಡದವರಿಗೆ 33 ನಿವರ್ತನ ಭೂಮಿಯನ್ನು ಕೊಟ್ಟನು. ಆ ಭೂಮಿಯ ಮೇರೆಯನ್ನು ಹೇಳುವಾಗ ಮಾತೃಸರಿತ್ತಿನಿಂದ ಇಂಗಿಣೀಸಂಗಮದವರೆಗೆ ಎಂದು ಬರೆಸಿದ್ದಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕ್ರಿ.ಶ. 5ನೆಯ ಶತಮಾನದ ಲೇಖಕನು ಭೂಮಿಯ ಎಲ್ಲೆಯನ್ನು ಕಟ್ಟಲು ಕಲ್ಲನ್ನಾಗಲಿ ಮರವನ್ನಾಗಲಿ ಅರಸಲಿಲ್ಲ. ಹರಿಯುವ ನೀರನ್ನೂ ಎರಡು ನೀರುಗಳು ಕೂಡುವ ಸ್ಥಳವನ್ನೂ ಆರಿಸಿದನು. ಮಾತೃಸರಿತ್ತೆಂಬುದು ಸಂಸ್ಕೃತಕ್ಕೆ ತಿರುಗಿಸಿದ ಹೆಸರೆಂಬುದು ನೋಡಿದೊಡನೆಯೇ ತಿಳಿಯುವದು. ಹೊಳೆಯನ್ನು ತಾಯಿಯೆಂದು ಕರೆಯುವದು ಇಲ್ಲಿಯ ಜನರ ಸಹಜ ಪದ್ಧತಿ. ಇಂಗಿಣಿಯಾದರೋ ಅನುವಾದಕ್ಕೆ ಸಿಕ್ಕದ ದೇಶ್ಯ ಶಬ್ದ. ಅದನ್ನು ಪಂಡಿತನು ಇದ್ದಂತೆಯೇ ಬಿಟ್ಟಿದ್ದಾನೆ. ಶಾಸನಕವಿಗಳು ಎಲ್ಲವನ್ನೂ ಸಂಸ್ಕೃತೀಕರಿಸಿದರೆಂದು ದೂರುವವರು ಇಂತಹ ಉದಾಹರಣೆಗಳನ್ನು ಮರೆಯಬಾರದು.

ಇನ್ನು ಪಲಾಶಿಕಾ ಎಂಬ ಹೆಸರೇ ಹೇಗೆ ನಡೆದು ಬಂದಿತೆಂಬುದನ್ನು ನೋಡಬೇಕು. ಗೋವೆಯ ಕದಂಬರ ಕಾಲದಲ್ಲಿ ಈ ಸೀಮೆಯು ಪಲಸಿಗೆ ಹನ್ನಿರ್ಛಾಸಿರವೆಂಬ ನಾಡಾಗಿತ್ತು. ಹಲಸಿಯ ನರಸಿಂಹ ದೇವಾಲಯದಲ್ಲಿ ಶಿವಚಿತ್ತ ಪೆರ್ಮಾಡಿಯ ಕಾಲದ, ಕಲಿವರ್ಷ 4270ರ, ಎಂದರೆ ಕ್ರಿ.ಶ. 1169ರ ಶಾಸನವಿದೆ. ಪಲಸಿಗೆಯು ಹಲಸಿಗೆಯಾಗಿ ಕಡೆಗೆ ಹಲಸಿಯೆಂದು ನಿಂತಿತು. ಪದಾದಿಯ ಪಕಾರವು ಹಕಾರವಾಗುವದು ಕನ್ನಡದ ವಿಶೇಷ ಲಕ್ಷಣ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಮರಾಠಿಯಲ್ಲಿ ಈ ವಿಕಾರವಿಲ್ಲ. ಅಲ್ಲಿ ಪಲಾಶವು ಪಳಸವಾಗಿಯೇ ಉಳಿದಿದೆ. ಆದುದರಿಂದ ಈ ಊರಿನ ಹೆಸರು ಆ ವರ್ಣಪರಿಣಾಮವು ನಡೆದ ಶತಮಾನಗಳಲ್ಲಿ ಕನ್ನಡಿಗರ ಬಾಯಲ್ಲಿ ಹಾಯ್ದು ಬಂದಿತೆಂಬುದು ನಿರ್ವಿವಾದ. ಮೂಲದಲ್ಲಿ ಅದು ಮುತ್ತುಗದ ಮರವೋ ಹಲಸಿನ ಮರವೋ ಎಂಬ ಪ್ರಶ್ನೆ ಬೇರೆ. ಕನ್ನಡದ ಹಲಸೂ ಹಿಂದೆ ಪಲಸೇ ಆಗಿದ್ದುದರಿಂದ, ಪಲಸಿಗೆಯೇ ಮೊದಲಿನದಾಗಿ ಪಲಾಶಿಕಾ ಎಂಬುದು ಅದರ ಸಂಸ್ಕೃತವೇಷವಾಗಿರುವ ಸಂಭವವನ್ನೂ ತಳ್ಳಿಹಾಕಲಾಗದು. ಸುತ್ತಲಿನ ಕಾಡಿನಲ್ಲಿ ಎರಡೂ ಮರಗಳುಂಟು!

ಬೆಳಗಾವಿಯ ಹೆಸರಿಗೂ ಇದೇ ಕ್ರಮವು ಅನ್ವಯಿಸುವದು. ಶಾಸನಗಳಲ್ಲಿ ವೇಣುಗ್ರಾಮ, ವೇಳುಗ್ರಾಮ ಎಂಬ ರೂಪಗಳು ಸಿಗುವವು. ವೇಳು ಎಂಬುದು ವೇಣುವಿನ ಪ್ರಾಕೃತರೂಪ. ಪಾಲಿಯಲ್ಲಿ ವೇಣುವನವು ವೇಳುವನವಾಗಿರುವದು ಪ್ರಸಿದ್ಧವಾಗಿದೆ, ಮರಾಠಿಯಲ್ಲಿ ಇಂದಿಗೂ ಬಿದಿರಿಗೆ ವೇಳೂ ಎನ್ನುವರು. ಗ್ರಾಮವು ಗಾಮ, ಗಾವೆಗಳಾಗಿ ಪರಿಣಮಿಸಿತು. 'ಗಾವ' ಎಂಬ ಅಂತ್ಯವನ್ನು ಕಂಡ ಮಾತ್ರಕ್ಕೆ ಮರಾಠಿಯೆನ್ನುವದು ಅವಿಚಾರ. ಕನ್ನಡನಾಡಿನ ನಡುವಿನ ಬಳ್ಳಿಗಾವೆಯ ಮಾತೇನು? ಆದರೆ ನಿರ್ಣಾಯಕವಾದುದು ಆದಿವರ್ಣ. ಪದಾದಿಯ ವಕಾರವನ್ನು ಬಕಾರಮಾಡಿಕೊಳ್ಳುವದು ಕನ್ನಡದ ತದ್ಭವಕ್ರಮ. ವನವು ಬನ, ವೀರವು ಬೀರ, ವಸತಿಯು ಬಸದಿ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಇಂತಹ ವಿಕಾರಗಳನ್ನೇ ವಿಧಿಸಿದ್ದಾನೆ. ವೇಳೂ ಎಂಬ ಶಬ್ದವನ್ನು ವಕಾರದೊಡನೆಯೇ ಉಳಿಸಿಕೊಂಡ ಮರಾಠಿಗರು ಊರಿನ ಹೆಸರನ್ನು ಮಾತ್ರ ಬಕಾರದಿಂದ ಬೇಳಗಾವವೆನ್ನುತ್ತಾರೆ. ಹೆಸರು ಅವರಿಗೆ ಕನ್ನಡದ ಮೂಲಕ ಬಂದಿತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಅಂತೆಯೇ, ಶಬ್ದದ ಒಡಲು ಪ್ರಾಕೃತವೆಂಬುದನ್ನು ಕನ್ನಡಿಗರೂ ಒಪ್ಪಬೇಕು. 2014ರ ನವೆಂಬರ 1ರಂದು ಸರಕಾರವು 'ಬೆಲಗಾಮ'ವನ್ನು ಬಿಟ್ಟು ಬೆಳಗಾವಿಯೆಂಬುದನ್ನು ಅಂಗೀಕರಿಸಿದಾಗ ಹೊಸ ಹೆಸರನ್ನೇನೂ ಇಡಲಿಲ್ಲ. ಆಂಗ್ಲರ ಕಿವಿಯ ದೋಷವನ್ನು ತಿದ್ದಿತು ಅಷ್ಟೆ.

ಊರಿನ ಕೇರಿಗಳ ವಿಷಯದಲ್ಲಿ ಹಳೆಯ ಸಾಕ್ಷಿಯು ಕೋಟೆಯೊಳಗಿನ ಬಸದಿಗೆ ಸಂಬಂಧಿಸಿದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನು ತಮ್ಮನಾದ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಲ್ಲಿ ಆಳುತ್ತಿದ್ದಾಗ, ರಕ್ತಾಕ್ಷಿ ಸಂವತ್ಸರದಲ್ಲಿ, ಕ್ರಿ.ಶ. 1204ರಲ್ಲಿ, ಬೀಚಿರಾಜನೆಂಬ ಅಧಿಕಾರಿಯು ಕಟ್ಟಿಸಿದ ರಟ್ಟಜಿನಾಲಯಕ್ಕೆ ಶುಭಚಂದ್ರ ಭಟ್ಟಾರಕರ ಹಸ್ತದಲ್ಲಿ ದತ್ತಿಗಳು ಸಂದವು. ಇದನ್ನು ಹೇಳುವ ಎರಡು ಕನ್ನಡ ಶಿಲಾಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬಾರ್ನೆಟ್ ಪಂಡಿತರು ಅವುಗಳನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿದ್ದಾರೆ. ಊರಿನ ಚರಿತ್ರದ ಮೂಲಪತ್ರವು ಊರಿನಲ್ಲಿಯೇ ಇಲ್ಲವೆಂಬುದು ಖೇದಕರವಾದ ಸಂಗತಿ. ಅವುಗಳಲ್ಲೊಂದರಲ್ಲಿ ಪೇಟೆಯ ಮುಮ್ಮುರಿದಂಡದವರೂ, ಲಾಳದೇಶದ, ಎಂದರೆ ಗುಜರಾತಿನ ವ್ಯಾಪಾರಿಗಳೂ, ಮಲೆಯಾಳದ ವ್ಯಾಪಾರಿಗಳೂ ಕೂಡಿ ತಮ್ಮ ತಮ್ಮ ಸರಕುಗಳ ಮೇಲೆ ಬಸದಿಗೆ ಆಯವನ್ನು ಬಿಟ್ಟುಕೊಟ್ಟ ಉಲ್ಲೇಖವಿದೆ. ಬಿಟ್ಟ ಮನೆಗಳನ್ನು ಕೇರಿ ಮತ್ತು ದಿಕ್ಕುಗಳಿಂದ ಗುರುತಿಸಿದೆ. ಸಮುದ್ರತೀರದಿಂದ ಇಷ್ಟು ಒಳಗಿರುವ ಊರಿನ ದತ್ತಿಯಲ್ಲಿ ಲಾಳರೂ ಮಲೆಯಾಳರೂ ಒಟ್ಟಿಗೆ ಕಾಣುವದು ಘಟ್ಟದ ಹಾದಿಗಳ ಫಲ.

ಆ ಹಾದಿಗಳು ಯಾವುವು? ಜಾಂಬೋಟಿ, ಕಣಕುಂಬಿಗಳ ಮೇಲೆ ಚೋರ್ಲೆಯ ಘಟ್ಟವನ್ನಿಳಿದು ಗೋವೆಗೆ ಹೋಗುವದೊಂದು. ಖಾನಾಪುರ, ಲೋಂಡೆಗಳ ಮೇಲೆ ತಿನೈಘಾಟದತ್ತ ಹೋಗುವದಿನ್ನೊಂದು. ವಾಯವ್ಯಕ್ಕೆ ರಾಮಘಾಟವನ್ನಿಳಿದು ವೆಂಗುರ್ಲೆಯ ಬಂದರಕ್ಕೆ ಹೋಗುವದು ಮತ್ತೊಂದು. ಉಪ್ಪು, ತೆಂಗು, ಅಡಕೆಗಳು ಮೇಲಕ್ಕೆ ಬಂದವು. ಅಕ್ಕಿ, ಕಾಳುಕಡಿ, ಮೆಣಸಿನಕಾಯಿಗಳು ಕೆಳಗಿಳಿದವು. ಲಮಾಣಿಗಳ ಹೇರೆತ್ತುಗಳ ಈ ವ್ಯಾಪಾರದಿಂದಲೇ ನಂದಗಡವು ಪೇಟೆಯಾಯಿತು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಲು ಆಂಗ್ಲರು ಇದೇ ನಂದಗಡವನ್ನು ಆರಿಸಿಕೊಂಡರು. ದೂರದೂರದವರು ಸೇರುವ ಸಂತೆಯ ಸ್ಥಳದಲ್ಲಿ ದಂಡನೆಯ ಸುದ್ದಿ ಬೇಗ ಹರಡುವದೆಂಬ ಲೆಕ್ಕವು ಅದರಲ್ಲಿ ಇದ್ದಿರಬಹುದು. ರಾಮಘಾಟದ ಹೆಸರು ಈಗಲೂ ಬೆಳಗಾವಿಯ ದಂಡಿನ ಪ್ರದೇಶದ ಒಂದು ರಸ್ತೆಗೆ ಉಳಿದಿದೆ.

ಹಾದಿಗಳು ಊರನ್ನು ಹೊಗುವಲ್ಲಿ ಬಾಗಿಲುಗಳಿದ್ದವು. ಉತ್ತರಕ್ಕೆ, ಕಿತ್ತೂರು ಚೆನ್ನಮ್ಮನ ತವರೂರಾದ ಕಾಕತಿಯತ್ತ ಕಾಕತಿವೇಸು, ನೈಋತ್ಯದ ಖಾನಾಪುರದ ದಾರಿಗೆ ಗೋವಾವೇಸು, ಇವಲ್ಲದೆ ಬೋಗಾರವೇಸು. ಉತ್ತರಕರ್ನಾಟಕದ ಅನ್ಯ ಊರುಗಳಲ್ಲಿ ಊರಬಾಗಿಲಿಗೆ ಅಗಸಿಯೆನ್ನುವರು. ಇಲ್ಲಿಯದು ಮರಾಠಿಯ ವೇಸು. ಪೂರ್ವದ ವೇಳುವು ಬೆಳವಾದಂತೆ ಈ ವೇಸು ಬೇಸಾಗಲಿಲ್ಲ. ಆ ತದ್ಭವಕ್ರಮವು ನಿಂತುಹೋದ ಮೇಲೆ ಬಂದ ಶಬ್ದವಿದೆಂದು ಇದರಿಂದಲೇ ಹೇಳಬಹುದು. ಆದರೆ ಬೋಗಾರವೇಸಿನ ಪೂರ್ವಪದವನ್ನು ನೋಡಿರಿ. ಬೋಗಾರರೆಂದರೆ ಕಂಚು ತಾಮ್ರಗಳ ಪಾತ್ರೆಗಳನ್ನು ಮಾಡಿ ಮಾರುವ ಕನ್ನಡ ಜೈನರು. ರಟ್ಟರ ಕಾಲದಿಂದ ಇಲ್ಲಿ ಬೇರೂರಿದ್ದ ಜೈನಸಮಾಜದ ಒಂದು ಕಸಬು ಪೂರ್ವಪದದಲ್ಲಿ, ಮರಾಠರ ಆಡಳಿತದ ಭಾಷೆಯು ಉತ್ತರಪದದಲ್ಲಿ. ವೈಯಾಕರಣರು ಅರಿಸಮಾಸವೆಂದು ಮೂಗು ಮುರಿಯಬಹುದಾದರೂ ಚರಿತ್ರಕಾರನಿಗೆ ಇದು ಕಾಲನಿರ್ದೇಶವಿರುವ ಶಾಸನದಷ್ಟೇ ಬೆಲೆಯುಳ್ಳದ್ದು. ಇಂತಹ ಹೆಸರನ್ನು ಯಾವುದೇ ಪಕ್ಷದವರು ಶುದ್ಧೀಕರಿಸಹೊರಟರೆ ನಷ್ಟವಾಗುವದು ಎರಡು ಭಾಷೆಗಳಿಗೂ.

ಊರಿನ ಇಂದಿನ ಆಕಾರವು 1818ರಲ್ಲಿ ನಿಶ್ಚಿತವಾಯಿತು. ಹಿಂದೆ 1472ರಲ್ಲಿ ಮಹಮೂದ ಗವಾನನು ಮುತ್ತಿದಾಗಲೂ ನೀರು ತುಂಬಿದ ಆಳವಾದ ಕಂದಕವೇ ಕೋಟೆಗೆ ಬಲವಾಗಿತ್ತೆಂದು ಫೆರಿಸ್ತನು ಬರೆದಿದ್ದಾನೆ. 1818ರ ಮಾರ್ಚಿಯಲ್ಲಿ ಮುತ್ತಿಗೆ ಹಾಕಿದ ಮನ್ರೋ ಸಾಹೇಬನಿಗೆ ಏಪ್ರಿಲ್ 10ರಂದು ಕೋಟೆಯು ವಶವಾಯಿತು. ಪೂರ್ವಕ್ಕೆ ಕೋಟೆ, ಪಶ್ಚಿಮಕ್ಕೆ ಆಂಗ್ಲರ ದಂಡು, ನಡುವೆ ಪೇಟೆ. ದಕ್ಷಿಣಕ್ಕೆ ಹತ್ತಿಕೊಂಡೇ ಇದ್ದ ಶಹಾಪುರವು ಮಾತ್ರ ಸಾಂಗಲೀ ಸಂಸ್ಥಾನದ್ದಾಗಿ 1948ರವರೆಗೆ ಉಳಿಯಿತು. ಓಣಿಯೊಂದನ್ನು ದಾಟಿದರೆ ಬೇರೊಂದು ರಾಜ್ಯ! ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರರ ಮಗ್ಗಗಳು ಆ ಭಾಗಕ್ಕೆ ತನ್ನದೇ ಆದ ಮುಖವನ್ನು ಕೊಟ್ಟವು.

1887ರಲ್ಲಿ ದಕ್ಷಿಣ ಮರಾಠಾ ರೇಲ್ವೆಯು ಬೆಳಗಾವಿಯಿಂದ ಲೋಂಡೆಯವರೆಗೆ ತೆರೆಯಿತು. ಮರುವರ್ಷವೇ ಮುರಗಾಂವ ಬಂದರದ ಸಂಬಂಧವೂ ಕೂಡಿತು. ವೆಂಗುರ್ಲೆಯ ಹಾದಿಯ ಬಂಡಿಗಳು ವಿರಳವಾದವು. ಪೇಟೆಗೂ ಶಹಾಪುರಕ್ಕೂ ನಡುವೆ, ಕಪಿಲೇಶ್ವರನ ಗುಡಿ ಹೊಂಡಗಳ ಮಗ್ಗುಲಲ್ಲಿಯೇ, ಹಳಿಗಳು ಹಾದವು. ಟಿಳಕವಾಡಿಯವರು ತಮ್ಮ ಮನೆಯ ಗುರುತನ್ನು ಮೊದಲನೆಯ ಗೇಟು, ಎರಡನೆಯ ಗೇಟು ಎಂದು ಹೇಳತೊಡಗಿದರು. ಹಳೆಯ ವೇಸುಗಳಿಗೆ ಬಾಗಿಲುಗಳು ಇಲ್ಲದಾದ ಮೇಲೆ ರೇಲ್ವೆಯವರ ಗೇಟುಗಳು ಅದೇ ಕೆಲಸಕ್ಕೆ ಬಂದವೆನ್ನಬೇಕು. ಇದೇ ಟಿಳಕವಾಡಿಯ ಬಯಲಿನಲ್ಲಿ 1924ರ ಡಿಸೆಂಬರದಲ್ಲಿ, ಗಾಂಧಿಯವರ ಅಧ್ಯಕ್ಷತೆಯಲ್ಲಿ, ಕಾಂಗ್ರೆಸ್ ಅಧಿವೇಶನವು ಕೂಡಿದಾಗ ಆ ನಗರಕ್ಕೆ ವಿಜಯನಗರವೆಂದು ಹೆಸರಿಟ್ಟರು. ನೆರೆದವರಿಗೆ ನೀರು ಬೇಕಾಯಿತು. 4,370 ರೂಪಾಯಿ 3 ಆಣೆಗಳ ವೆಚ್ಚದಲ್ಲಿ ಬಾವಿಯನ್ನು ತೋಡಿ ಪಂಪಾಸರೋವರವೆಂದು ಕರೆದರು. ಜನರು ಮಾತ್ರ ಅದನ್ನು ಕಾಂಗ್ರೆಸ್ ಬಾವಿಯೆಂದರು, ಅದರ ಮುಂದಿನ ದಾರಿಯನ್ನು ಕಾಂಗ್ರೆಸ್ ರಸ್ತೆಯೆಂದರು. ನಾಯಕರು ಇಟ್ಟ ಹೆಸರು ಗ್ರಂಥಸ್ಥವಾಗಿ, ಜನರು ಇಟ್ಟುದು ರೂಢಿಯಾಗಿ ನಿಂತಿತು.

ಅನಂತರ ರಕ್ಕಸಕೊಪ್ಪದಲ್ಲಿ ಮಾರ್ಕಂಡೇಯಕ್ಕೆ ಒಡ್ಡು ಬಿದ್ದು ಊರಿಗೆ ಕುಡಿಯುವ ನೀರು ಬಂದಿತು. ಊರು ಬೆಳೆದಂತೆ ಹಿಡಕಲ್ಲಿನ ಘಟಪ್ರಭೆಯ ನೀರನ್ನೂ ತರಬೇಕಾಯಿತು. ದಕ್ಷಿಣದ ಯಳ್ಳೂರು, ಅನಗೋಳ, ಶಹಾಪುರ, ವಡಗಾವಿಗಳ ಮಳೆನೀರನ್ನೊಯ್ಯುವ ಬಳ್ಳಾರಿ ನಾಲೆಯ ಕಡೆಗೆ ಅಷ್ಟು ಲಕ್ಷ್ಯವು ಹರಿಯಲಿಲ್ಲ. ಅದರ ಇಕ್ಕೆಲಗಳ ಬತ್ತದ ಗದ್ದೆಗಳು ಮಳೆಗಾಲದಲ್ಲಿ ಮುಳುಗುವವು. ಗದ್ದೆಗಳು ನಿವೇಶನಗಳಾಗುತ್ತಿರುವಾಗ ಒಂದೊಂದು ಹೊಲದ ಹೆಸರೂ ಅದರೊಡನೆ ಮಾಯವಾಗುತ್ತಿದೆ. ರಸ್ತೆಯ ಹೆಸರು ಹಲಗೆಯ ಮೇಲಾದರೂ ಉಳಿದೀತು. ಹೊಲದ ಹೆಸರಿಗೆ ಒಕ್ಕಲಿಗನ ನಾಲಗೆಯಲ್ಲದೆ ಬೇರೆ ಆಶ್ರಯವಿಲ್ಲ.

ಖಾನಾಪುರದ ಹಳ್ಳಗಳ ಗತಿ ಬೇರೆಯಾಯಿತು. ಕಣಕುಂಬಿಯ ಸುತ್ತಿನ ಹಳ್ಳಿಗರು ಮಾತ್ರ ಬಲ್ಲವರಾಗಿದ್ದ ಕಳಸಾ, ಬಂಡೂರಿ ಎಂಬ ಎರಡು ತೊರೆಗಳು, ಅವುಗಳ ನೀರನ್ನು ಮಲಪ್ರಭೆಗೆ ತಿರುಗಿಸಿ ಹುಬ್ಬಳ್ಳಿ ಧಾರವಾಡಗಳ ನೀರಡಿಕೆಯನ್ನು ನೀಗಿಸುವ ಯೋಜನೆಯಿಂದ ನಾಡಿಗೆಲ್ಲ ಪರಿಚಿತವಾದವು. 2010ರಲ್ಲಿ ನೇಮಕವಾದ ಮಹಾದಾಯಿ ಜಲವಿವಾದ ನ್ಯಾಯಾಧಿಕರಣವು 2018ರ ಆಗಸ್ಟ 14ರಂದು ತೀರ್ಪನ್ನಿತ್ತು, ಕರ್ನಾಟಕಕ್ಕೆ ಒಟ್ಟು 13.42 ಟಿ.ಎಂ.ಸಿ. ನೀರನ್ನು ಹಂಚಿತು. ಅದರಲ್ಲಿ ತಿರುಗಿಸಿಕೊಳ್ಳತಕ್ಕುದು ಕಳಸಾದಿಂದ 1.72, ಬಂಡೂರಿಯಿಂದ 2.18. ಮೃಗೇಶವರ್ಮನ ಪಟದಲ್ಲಿ ಮಾತೃಸರಿತ್ತೂ ಇಂಗಿಣಿಯೂ ಭೂಮಿಯ ಮೇರೆಗಳಾಗಿ ಕಾಣಿಸಿಕೊಂಡವು; ಈ ತೀರ್ಪಿನಲ್ಲಿ ಅದೇ ಕಾಡಿನ ತೊರೆಗಳು ತಾವೇ ಪಾಲಿನ ವಸ್ತುಗಳಾಗಿವೆ. ತೀರ್ಪು 2020ರ ಫೆಬ್ರವರಿಯಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು.