ಒರೆಗಲ್ಲಿಗೂ ಒಂದು ಒರೆ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿರುವ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಹಾಗೂ ಔಷಧ ಮೂಲದ್ರವ್ಯಗಳ ಘಟಕಗಳಿವೆ. ಮೆಥನಾಲ್, ಟಾಲುಯೀನ್, ಡೈಕ್ಲೋರೋಮೀಥೇನ್ ಮೊದಲಾದ ದ್ರಾವಕಗಳು ಇಂಥ ಉದ್ಯಮದಲ್ಲಿ ಪೀಪಾಯಿಗಟ್ಟಲೆ ಖರ್ಚಾಗುವ ಸರಕು. ದುರ್ವಾಸನೆ ಮತ್ತು ಕೆಟ್ಟ ನೀರಿನ ಬಗ್ಗೆ ಸುತ್ತಲಿನ ಹಳ್ಳಿಗಳಿಂದ ದೂರುಗಳೂ ಆಗಾಗ ಕೇಳಿಬಂದಿವೆ. ಅಂಥ ದೂರು ನಿಜವೇ ಎಂದು ತಿಳಿಯಲು ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಅಲ್ಲಿ ಆ ನೀರನ್ನು ಪರೀಕ್ಷಿಸುವುದು ಏತರಿಂದ? ಬಹುಪಾಲು ಅವೇ ದ್ರಾವಕಗಳಿಂದ! ಆರೋಪಿಯ ಬಂಧುವೇ ನ್ಯಾಯಾಧೀಶನೂ ಆಗುವ ಈ ವಿಚಿತ್ರದ ಹಿಂದೆ ಒಂದು ದೀರ್ಘ ಇತಿಹಾಸವಿದೆ.

ಪರೀಕ್ಷೆಯ ಚಿಂತೆ ಈ ಸೀಮೆಗೆ ಹೊಸದಲ್ಲ. ಹುಮನಾಬಾದಿನ ಪಶ್ಚಿಮಕ್ಕಿರುವ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರ 12ನೇ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಬೊಕ್ಕಸದ ರತ್ನಗಳ ಗುಣದೋಷಗಳನ್ನು ಅರಿಯುವ ಬಗೆಯೂ ಅದರಲ್ಲಿ ಸೇರಿದೆ. ಇದೇ ಜಿಲ್ಲೆಯ ಬಿದರಿ ಕುಶಲಕರ್ಮಿಗಳದ್ದು ಇನ್ನೊಂದು ಉದಾಹರಣೆ. ಸತು–ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಿಂದ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಜಾಗದಿಂದ ತಂದ ಮಣ್ಣನ್ನು ಅವರು ನಾಲಿಗೆಯಿಂದ ರುಚಿ ನೋಡಿಯೇ ಆರಿಸುತ್ತಾರೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಬಳಸುವ ಮುನ್ನ ಕಾರಕದ ಗುಣಮಟ್ಟ ಪರೀಕ್ಷೆ!

ನಾಲಿಗೆಯ ಜಾಗದಲ್ಲಿ ಲಿಖಿತ ನಿಯಮ ಬಂದದ್ದು 19ನೇ ಶತಮಾನದ ಜರ್ಮನಿಯಲ್ಲಿ. ಕಾರಕಗಳ ಶುದ್ಧತೆಯನ್ನು ಪರೀಕ್ಷಿಸುವ ಕ್ರಮವನ್ನು ಕುರಿತ ಕಾರ್ಲ್ ಕ್ರೌಖ್‌ನ ಪುಸ್ತಕ 1888ರಲ್ಲಿ ಹೊರಬಂತು. ಶುದ್ಧ ರಾಸಾಯನಿಕವೆಂದರೆ ಜರ್ಮನಿಯದು ಎಂಬಂತಾಗಿದ್ದ ಕಾಲವದು. 1914ರಲ್ಲಿ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಸಾಮ್ರಾಜ್ಯಕ್ಕೆ ಆ ಪೂರೈಕೆ ನಿಂತಿತು. ಮರುವರ್ಷವೇ ಬ್ರಿಟನ್ನಿನ ರಸಾಯನತಜ್ಞರು ತಮ್ಮದೇ ಮಾನದಂಡ ರೂಪಿಸಿದರು. ಇಂದಿಗೂ ಪ್ರಯೋಗಾಲಯದ ಸೀಸೆಗಳ ಮೇಲೆ ಕಾಣುವ ‘ಎ.ಆರ್.’ ಎಂಬ ಅಕ್ಷರಗಳು ಆ 1915ರ ಪ್ರಯತ್ನವನ್ನು ನೆನಪಿಸುತ್ತವೆ.

ಭಾರತದಲ್ಲಿ ಪ್ರಫುಲ್ಲಚಂದ್ರ ರಾಯ್ 1892ರಲ್ಲೇ ಕಲ್ಕತ್ತೆಯಲ್ಲಿ ಬೆಂಗಾಲ್ ಕೆಮಿಕಲ್ ಆರಂಭಿಸಿದ್ದರು. ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಕುಲುಮೆಗೆ ಇದ್ದಿಲು ಬೇಕೆಂದು ಕಟ್ಟಿಗೆಯನ್ನು ಬಟ್ಟಿಯಿಳಿಸಿತು. ಇದ್ದಿಲಿನ ಜೊತೆ ಮೆಥನಾಲ್ ಮತ್ತು ಕ್ಯಾಲ್ಸಿಯಂ ಅಸಿಟೇಟ್ ದೊರೆತವು. ಈ ಅಸಿಟೇಟನ್ನು ಕಾಯಿಸಿದರೆ ಅಸಿಟೋನ್ ಸಿಗುತ್ತದೆ. ಹೀಗೆ ಕಾಡಿನ ಕಟ್ಟಿಗೆಯೂ ದ್ರಾವಕದ ಮೂಲವಾಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಕಲ್ಯಾಣ, ಹುಮನಾಬಾದ್‌ಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಜಲಮಾಲಿನ್ಯ ನಿಯಂತ್ರಣ ಕಾಯಿದೆ 1974ರಲ್ಲಿ ಬಂದು, ಅದೇ ವರ್ಷ ರಾಜ್ಯದಲ್ಲಿ ಮಂಡಳಿಯೂ ರಚನೆಯಾದ ಮೇಲೆ ಬಾವಿ, ಹಳ್ಳಗಳ ನೀರಿನ ಪರೀಕ್ಷೆಗೆ ಕಾನೂನಿನ ಬಲ ಬಂತು.

ಹಾಗಾದರೆ ಕಾರ್ಖಾನೆಯ ಪೀಪಾಯಿಯಿಂದಲೇ ಒಂದು ಲೋಟ ದ್ರಾವಕ ತಂದು ಪರೀಕ್ಷಿಸಬಾರದೇಕೆ? ಲೆಕ್ಕ ಸರಳ. ಒಂದು ಲೀಟರ್ ನೀರಿನಲ್ಲಿರುವ ಸೂಕ್ಷ್ಮ ಕಲ್ಮಶವನ್ನು ಹೀರಿಕೊಳ್ಳಲು ಡೈಕ್ಲೋರೋಮೀಥೇನನ್ನು 60 ಮಿಲಿಲೀಟರಿನಂತೆ ಮೂರು ಸಲ ಬೆರೆಸಿ ಕುಲುಕುತ್ತಾರೆ. ಒಟ್ಟು 180 ಮಿಲಿಲೀಟರನ್ನು ಆವಿಯಾಗಿಸಿ ಒಂದು ಮಿಲಿಲೀಟರಿಗೆ ಇಳಿಸುತ್ತಾರೆ. ನೀರಿನಿಂದ ಬಂದ ಕಲ್ಮಶ ಸಾಂದ್ರವಾಗುವುದು ನಿಜ. ಆದರೆ ದ್ರಾವಕದಲ್ಲೇ ಇದ್ದ, ಸುಲಭವಾಗಿ ಆವಿಯಾಗದ ಕೊಳೆಯೂ 180 ಪಟ್ಟು ಸಾಂದ್ರವಾಗುತ್ತದೆ. ಕಾರ್ಖಾನೆಗೆ ಲೆಕ್ಕಕ್ಕಿಲ್ಲದ ಕೊಳೆ ಇಲ್ಲಿ ಚೊಕ್ಕ ಬಾವಿಯನ್ನೂ ಕೆಟ್ಟದ್ದೆಂದು ತೋರಿಸಬಲ್ಲದು. ಆದ್ದರಿಂದಲೇ ವಿಶ್ಲೇಷಣೆಗೆಂದು ಶುದ್ಧೀಕರಿಸಿ, ಉಳಿದಿರಬಹುದಾದ ಕಲ್ಮಶದ ಗರಿಷ್ಠ ಮಿತಿಯನ್ನು ಚೀಟಿಯ ಮೇಲೆ ಅಚ್ಚುಹಾಕಿದ ಸೀಸೆಗೆ ಹೆಚ್ಚಿನ ಬೆಲೆ.

ಚೀಟಿಯೊಂದನ್ನೇ ನಂಬುವಂತೆಯೂ ಇಲ್ಲ. ಬಾವಿಯ ನೀರಿನ ಬದಲು ಶುದ್ಧ ನೀರನ್ನಿಟ್ಟು, ಅದೇ ಸೀಸೆಯ ದ್ರಾವಕದಿಂದ ಇಡೀ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸುವ ಪದ್ಧತಿಯಿದೆ. ಇದಕ್ಕೆ ‘ಬ್ಲಾಂಕ್’ ಎಂದು ಹೆಸರು. ಅದರಲ್ಲಿ ಕಂಡುಬಂದದ್ದೆಲ್ಲ ಸೀಸೆಯ ಇಲ್ಲವೇ ಪಾತ್ರೆಯ ದೋಷವೇ ಹೊರತು ಬಾವಿಯದಲ್ಲ. ಈ ಎರಡನೆಯ ಫಲಿತಾಂಶವಿಲ್ಲದ ವರದಿಯ ಆಧಾರದ ಮೇಲೆ ಕಾರ್ಖಾನೆಯನ್ನು ದೂರುವುದೂ ಕಷ್ಟ, ನೀರು ಕುಡಿಯಿರೆಂದು ಹಳ್ಳಿಯವರಿಗೆ ಹೇಳುವುದೂ ಕಷ್ಟ. ನೀರಿನ ಪರೀಕ್ಷಾ ವರದಿ ಕೈಗೆ ಬಂದಾಗ ‘ಬ್ಲಾಂಕ್ ಎಷ್ಟು ಬಂತು?’ ಎಂದು ಕೇಳುವ ಹಕ್ಕು ಇಬ್ಬರಿಗೂ ಇದೆ. ಕೋಟೆಯ ಮಣ್ಣನ್ನು ನಾಲಿಗೆಗಿಟ್ಟು ನೋಡುವ ಬಿದರಿ ಕೆಲಸಗಾರ ಕೇಳಿಕೊಳ್ಳುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು.