ವೇಳಾಪಟ್ಟಿಯೂ ತಲೆಯೆಣಿಕೆಯೂ



ಚರಿತ್ರೆಯ ಬಗ್ಗೆ ಮಾತನಾಡಿರೆಂದು ಬಳಗದವರು ವೈದ್ಯರಾದ ನಮ್ಮನ್ನು ಕೇಳಿದಾಗ ತುಸು ಅಳುಕಿದೆವು. ಆದರೆ ರೈಲ್ವೆ ವೇಳಾಪಟ್ಟಿಯೊಡನೆ ನಮಗೆ ಹಳೆಯ ಋಣಾನುಬಂಧವಿದೆ. ಎಂ.ಬಿ.ಬಿ.ಎಸ್. ಮುಗಿಸಿ ಇಂಗ್ಲೆಂಡಿಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮದು ಆರು ತಿಂಗಳಿಗೊಂದು ಊರು, ಆರು ತಿಂಗಳಿಗೊಂದು ಆಸ್ಪತ್ರೆ. ಕೋಟಿನ ಒಂದು ಜೇಬಿನಲ್ಲಿ ಸ್ಟೆತಾಸ್ಕೋಪು, ಇನ್ನೊಂದರಲ್ಲಿ ವೇಳಾಪಟ್ಟಿಯ ಕಿರುಹೊತ್ತಗೆ. ಒಂದು ಭಾನುವಾರ, ಮರುದಿನದ ಸಂದರ್ಶನಕ್ಕೆಂದು ಹೊರಟು, ಹಳ್ಳಿಯ ನಿಲ್ದಾಣವೊಂದರಲ್ಲಿ ಎರಡು ಗಂಟೆ ಕಾದೆವು. ಆಮೇಲೆ ಪುಟದ ಅಡಿಯ ಸಣ್ಣಕ್ಷರದ ಟಿಪ್ಪಣಿ ಕಣ್ಣಿಗೆ ಬಿತ್ತು: ಭಾನುವಾರ ಗಾಡಿಯಿಲ್ಲ. ಅಲ್ಲಿ ಬೇರೊಂದು ನರಪಿಳ್ಳೆಯೂ ಇರಲಿಲ್ಲ. ಜನರಿಲ್ಲದ್ದರಿಂದ ಗಾಡಿಯಿಲ್ಲವೋ, ಗಾಡಿಯಿಲ್ಲದ್ದರಿಂದ ಜನರಿಲ್ಲವೋ ಎಂಬ ಪ್ರಶ್ನೆ ಅಂದಿನಿಂದಲೂ ನಮ್ಮನ್ನು ಬಿಟ್ಟಿಲ್ಲ.

ಮೊದಲು ವೇಳಾಪಟ್ಟಿಯ ಕಥೆ. ಮ್ಯಾಂಚೆಸ್ಟರಿನಲ್ಲಿ ನಕಾಶೆಗಳನ್ನು ಕೆತ್ತಿ ಅಚ್ಚುಹಾಕುತ್ತಿದ್ದ ಜಾರ್ಜ್ ಬ್ರಾಡ್‌ಶಾ 1839ರ ಅಕ್ಟೋಬರಿನಲ್ಲಿ ಹಲವು ಕಂಪನಿಗಳ ಗಾಡಿಗಳ ವೇಳೆಯನ್ನು ಒಂದೇ ಪುಸ್ತಿಕೆಯಲ್ಲಿ ಸೇರಿಸಿ ಮಾರಾಟಕ್ಕಿಟ್ಟ. ಅವನು ಕ್ವೇಕರ್ ಪಂಥದವನು. ತಿಂಗಳುಗಳ ಹೆಸರುಗಳಲ್ಲಿ ಅನ್ಯದೇವತೆಗಳ ನೆರಳಿದೆಯೆಂದು ಆ ಪಂಥದವರು ಅವನ್ನು ಬಳಸುತ್ತಿರಲಿಲ್ಲ. ಆದ್ದರಿಂದ ಪುಸ್ತಿಕೆಯ ಮೇಲೆ 'ಹತ್ತನೆಯ ತಿಂಗಳು' ಎಂದೇ ಅಚ್ಚಾಯಿತು. ವೇಳೆಯನ್ನು ಅಚ್ಚುಹಾಕಿಸಿದರೆ ಅದಕ್ಕೆ ಸರಿಯಾಗಿ ಗಾಡಿ ಓಡಿಸಬೇಕಾದೀತೆಂದು ಕೆಲವು ಕಂಪನಿಗಳು ಹಿಂಜರಿದವಂತೆ. ಅವರ ಭಯ ಸುಳ್ಳಲ್ಲ. ಅಚ್ಚಾದ ವೇಳೆಯೆಂದರೆ ಕೊಟ್ಟ ಮಾತು. 1841ರ ಡಿಸೆಂಬರಿನಿಂದ ತಿಂಗಳಿಗೊಮ್ಮೆ ಹೊರಬಂದ ಈ ಗೈಡು ಕೊನೆಯುಸಿರೆಳೆದದ್ದು 1961ರಲ್ಲಿ. ಬ್ರಾಡ್‌ಶಾ ಮಾತ್ರ 1853ರಲ್ಲೇ, ನಾರ್ವೆಯ ಪ್ರವಾಸದಲ್ಲಿದ್ದಾಗ, ಕಾಲರಾದಿಂದ ತೀರಿಕೊಂಡ. ಆ ರೋಗವೂ ಆಗ ಜನಸಂಚಾರದ ದಾರಿಗಳಲ್ಲೇ ಹಬ್ಬುತ್ತಿತ್ತೆಂಬುದನ್ನು ವೈದ್ಯರಾದ ನಾವು ಮರೆಯಲಾರೆವು.

ಎಣಿಕೆಯ ಮೂಲಪುರುಷ ಇನ್ನೊಬ್ಬ ಕ್ವೇಕರ್, ಥಾಮಸ್ ಎಡ್ಮಂಡ್‌ಸನ್. ಮರಗೆಲಸದಲ್ಲಿ ದಿವಾಳಿಯೆದ್ದು ರೈಲ್ವೆಯ ನೌಕರಿಗೆ ಸೇರಿದವನು. ಅಲ್ಲಿಯವರೆಗೆ ಗುಮಾಸ್ತರು ಪ್ರತಿ ಟಿಕೆಟನ್ನೂ ಕೈಯಲ್ಲಿ ಬರೆದುಕೊಡುತ್ತಿದ್ದರು. 1830ರ ದಶಕದ ಕೊನೆಯಲ್ಲಿ ಅವನು ಕ್ರಮಸಂಖ್ಯೆಯುಳ್ಳ ದಪ್ಪ ರಟ್ಟಿನ ಪುಟ್ಟ ಟಿಕೆಟನ್ನೂ ಅದಕ್ಕೆ ದಿನಾಂಕ ಒತ್ತುವ ಯಂತ್ರವನ್ನೂ ರೂಪಿಸಿದ. ಸಂಜೆ ಉಳಿದ ಟಿಕೆಟುಗಳ ಸಂಖ್ಯೆ ನೋಡಿದರೆ ಸಾಕು, ಆ ದಿನ ಎಷ್ಟು ಮಂದಿ ಎಲ್ಲಿಗೆ ಹೊರಟರೆಂದು ತಿಳಿಯುತ್ತಿತ್ತು. ಅರಸೀಕೆರೆಯಲ್ಲೋ ಬೀರೂರಿನಲ್ಲೋ ಕಿಟಕಿಯ ಕಿಂಡಿಯೊಳಗೆ 'ಟಕ್' ಎಂದು ಸದ್ದಾಗಿ ನಮ್ಮ ಕೈಗೆ ಬರುತ್ತಿದ್ದ ರಟ್ಟಿನ ಟಿಕೆಟು ನೆನಪಿದೆಯಲ್ಲವೆ? ಅದು ಎಡ್ಮಂಡ್‌ಸನ್ನನದೇ ಸಂತತಿ.

ಮಾತು ಕೊಟ್ಟದ್ದು ವೇಳಾಪಟ್ಟಿ, ಲೆಕ್ಕವಿಟ್ಟದ್ದು ಟಿಕೆಟು. ಇವೆರಡರ ನಡುವಿನ ಜಗಳ ದೊಡ್ಡದಾಗಿ ಬೀದಿಗೆ ಬಂದದ್ದು 1963ರಲ್ಲಿ. ಬ್ರಿಟಿಷ್ ರೈಲ್ವೆಯ ಅಧ್ಯಕ್ಷ ಡಾಕ್ಟರ್ ರಿಚರ್ಡ್ ಬೀಚಿಂಗ್ (ನಮ್ಮ ಜಾತಿಯ ಡಾಕ್ಟರಲ್ಲ, ಭೌತಶಾಸ್ತ್ರದವರು) ತಮ್ಮ ವರದಿಯಲ್ಲಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಹಾದಿಯನ್ನೂ ಮುಚ್ಚಬೇಕೆಂದು ಪಟ್ಟಿಮಾಡಿದರು. ಕಡಮೆ ಬಳಕೆಯ ಅರ್ಧದಷ್ಟು ನಿಲ್ದಾಣಗಳಿಂದ ಬರುವುದು ಶೇಕಡ 2ರಷ್ಟು ವ್ಯವಹಾರ ಮಾತ್ರ ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು, ಖಾಲಿ ಗಾಡಿಗಳು ಓಡುತ್ತಿದ್ದುದು ನಿಜ. ಆದರೆ ಎಣಿಕೆ ನಡೆದದ್ದು 1961ರ ಏಪ್ರಿಲ್ 23ಕ್ಕೆ ಮುಗಿದ ಒಂದೇ ಒಂದು ವಾರ! ಬೇಸಗೆಯಲ್ಲಷ್ಟೆ ತುಂಬಿ ತುಳುಕುವ ಕಡಲ ತೀರದ ನಿಲ್ದಾಣಗಳು ಏಪ್ರಿಲಿನಲ್ಲಿ ನಿದ್ದೆಹೋಗಿದ್ದವು. ನಾಡಿ ಹಿಡಿದು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನಾವೂ ಮಾಡುವ ಕೆಲಸವೇ. ಆದರೆ ನಾಡಿ ತಾಳತಪ್ಪಿ ಬಡಿಯುತ್ತಿದ್ದರೆ ಪೂರ್ತಿ ನಿಮಿಷ ಎಣಿಸಬೇಕೆಂದು ಮೊದಲ ವರ್ಷದ ಹೌಸ್ ಸರ್ಜನ್ನಿಗೂ ಗೊತ್ತು.

ಈಗ ಬ್ರಿಟನ್ನಿನಲ್ಲಿ ರೈಲು ಮತ್ತು ರಸ್ತೆ ನಿಯಂತ್ರಣ ಕಚೇರಿ ವರ್ಷಕ್ಕೊಮ್ಮೆ ಪ್ರತಿ ನಿಲ್ದಾಣದ ಅಂಕಿ ಪ್ರಕಟಿಸುತ್ತದೆ. ಅದೂ ಬಹುಮಟ್ಟಿಗೆ ಟಿಕೆಟು ಮಾರಾಟದಿಂದ ಕಟ್ಟಿದ ಅಂದಾಜೇ ಹೊರತು ಬಾಗಿಲಲ್ಲಿ ನಿಂತು ಎಣಿಸಿದ್ದಲ್ಲ. ಪಾಸು ಕೊಂಡವನು ಇಷ್ಟು ಸಲ ಓಡಾಡಿದನೆಂದು ಊಹಿಸಿಕೊಳ್ಳುತ್ತಾರೆ. ಒಳಬಂದವರು, ಹೊರಹೋದವರು ಒಂದು ಲೆಕ್ಕ. ಗಾಡಿ ಬದಲಾಯಿಸಿದವರು ಬೇರೆ ಲೆಕ್ಕ. ಹೀಗಾಗಿ ಲಂಡನ್ನಿನ ಕ್ಲಾಪಮ್ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸುವ ಅಪಾರ ಜನ ಗದ್ದಲದ ನಿಲ್ದಾಣಗಳ ಮುಖ್ಯ ಶ್ರೇಯಾಂಕದಲ್ಲಿ ಕಾಣಿಸುವುದಿಲ್ಲ. ಬಹುಕಾಲ ಮೊದಲ ಸ್ಥಾನದಲ್ಲಿದ್ದ ವಾಟರ್ಲೂವನ್ನು 2022-23ರಲ್ಲಿ ಲಿವರ್‌ಪೂಲ್ ಸ್ಟ್ರೀಟ್ ಹಿಂದಿಕ್ಕಿತು. 2023-24ರಲ್ಲಿ ಅದರ ಲೆಕ್ಕ ಸುಮಾರು 9.45 ಕೋಟಿ. 2022ರ ಮೇ ತಿಂಗಳಲ್ಲಿ ತೆರೆದ ಎಲಿಜಬೆತ್ ಲೈನು ಇದಕ್ಕೆ ದೊಡ್ಡ ಕಾರಣ. ಭೂಗತ ರೈಲಿನಲ್ಲಿ ಓಡಾಡುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಎಲಿಜಬೆತ್ ಲೈನಿನವರು ಸೇರುತ್ತಾರೆ. ಅದೇ ಮನುಷ್ಯ ಹಾದಿ ಬದಲಿಸಿದ ಕೂಡಲೆ ಲೆಕ್ಕದಲ್ಲಿ ಹುಟ್ಟಿಬಿಟ್ಟ.

ನಮ್ಮ ದೇಶದಲ್ಲಿಯೂ 2017ರಿಂದ ನಿಲ್ದಾಣಗಳ ದರ್ಜೆಯನ್ನು ವರಮಾನದ ಜೊತೆಗೆ ಅಲ್ಲಿಂದ ಹೊರಡುವ ಪ್ರಯಾಣಿಕರ ಸಂಖ್ಯೆಯನ್ನೂ ನೋಡಿ ಗೊತ್ತುಮಾಡುತ್ತಾರೆ. ಬೆಂಗಳೂರಿನಿಂದ ಹಾಸನಕ್ಕೆ ಒಂದೇ ಟಿಕೆಟು ಪಡೆದು, ಅರಸೀಕೆರೆಯಲ್ಲಿ ಇಳಿದು, ಬಿಸಿ ಕಾಫಿ ಕುಡಿದು ಇನ್ನೊಂದು ಗಾಡಿ ಹತ್ತಿದವನು ಅರಸೀಕೆರೆಯಿಂದ 'ಹೊರಟವ'ನಲ್ಲ.

ಕೊನೆಗೆ ಕೇಂಬ್ರಿಡ್ಜ್‌ಶೈರಿನ ಶಿಪ್ಪಿಯಾ ಹಿಲ್ ಎಂಬ ಒಂಟಿ ನಿಲ್ದಾಣದ ಮಾತು. 1845ರಲ್ಲಿ ತೆರೆದದ್ದು, ಸುತ್ತಲೂ ಬಯಲು ಹೊಲ. 2015-16ರ ಪಟ್ಟಿಯಲ್ಲಿ ಅದರ ಮುಂದೆ ಇದ್ದ ಅಂಕಿ 12. ದಿನಕ್ಕಲ್ಲ, ಇಡೀ ವರ್ಷಕ್ಕೆ! ಬ್ರಿಟನ್ನಿಗೇ ಕನಿಷ್ಠ. ವೇಳಾಪಟ್ಟಿ ತೆರೆದು ನೋಡಿದರೆ ಆಶ್ಚರ್ಯವೇನಿಲ್ಲ: ವಾರದ ದಿನಗಳಲ್ಲಿ ಬೆಳಿಗ್ಗೆ ಒಂದೇ ದಿಕ್ಕಿಗೆ ಒಂದು ಗಾಡಿ ನಿಲ್ಲುತ್ತಿತ್ತು, ಹೋದವನಿಗೆ ಅಂದೇ ಮರಳುವ ಗಾಡಿಯಿರಲಿಲ್ಲ. ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ, 2016ರ ಕ್ರಿಸ್ಮಸ್ಸಿನ ಹಿಂದಿನ ದಿನ ಟಿ.ವಿ.ಯ ಅಡುಗೆ ಸ್ಪರ್ಧೆಯಲ್ಲಿ ಹೆಸರಾದವರೊಬ್ಬರು ಅಲ್ಲಿ ನಿಂತು ಬಂದವರಿಗೆಲ್ಲ ಹಬ್ಬದ ಸಿಹಿಕಡುಬು ಹಂಚಿದರು. ಇಳಿದವರು 16 ಮಂದಿ, ಹಿಂದಿನ ಇಡೀ ವರ್ಷಕ್ಕಿಂತ ಹೆಚ್ಚು. ಮುಂದಿನ ಪಟ್ಟಿಯಲ್ಲಿ ಶಿಪ್ಪಿಯಾ ಹಿಲ್ಲಿನ ಅಂಕಿ 156ಕ್ಕೇರಿತ್ತು.