ಮಡಿಲಲ್ಲಿ ಕೇಳಿಸಿಕೊಂಡ ಕನ್ನಡ

ಬಸವೇಶ್ವರನಗರದ ಸುತ್ತಮುತ್ತಲಿನ ಶಿಶುವಿಹಾರಗಳಲ್ಲಿ ಮೂವತ್ತು ವರ್ಷ ಪುಟ್ಟ ಮಕ್ಕಳಿಗೆ ಕಥೆ ಓದಿದ್ದೇನೆ. ಈಚೆಗೆ ಮಗುವನ್ನು ಸೇರಿಸಲು ಬರುವ ಹೆತ್ತವರು 'ನಿಮ್ಮಲ್ಲಿ ರೀಡ್ ಅಲೌಡ್ ಇದೆಯಾ?' ಎಂದು ಕೇಳುತ್ತಾರೆ. ಮಗು ಬೇಗ ಇಂಗ್ಲಿಷ್ ಓದಲಿ ಎಂಬುದು ಅವರ ಲೆಕ್ಕ. ಓದಿ ಹೇಳುವುದು ಹೊರಗಿನಿಂದ ಬಂದದ್ದು, ಅದು ಅಕ್ಷರ ಕಲಿಸುವ ಉಪಾಯ ಎಂಬ ಎರಡು ತಪ್ಪು ತಿಳಿವಳಿಕೆಗಳು ಹೀಗೆ ಒಟ್ಟಿಗೇ ಬೇರೂರಿವೆ.

ನಮ್ಮಲ್ಲಿ ಓದು ಎಂದರೆ ದನಿಯೆತ್ತಿ ಓದುವುದೇ ಆಗಿತ್ತು. ಗಮಕಿಗಳು ಕುಮಾರವ್ಯಾಸನನ್ನು ವಾಚಿಸುತ್ತಿದ್ದರು, ಪಕ್ಕದಲ್ಲಿ ಕುಳಿತವರು ಅರ್ಥ ಬಿಡಿಸುತ್ತಿದ್ದರು. ಮಕ್ಕಳ ಪಾಲಿಗೆ ಅಜ್ಜಿಯ ಕಾಗಕ್ಕ ಗುಬ್ಬಕ್ಕ ಇದ್ದರು, ಪುಸ್ತಕ ಇರಲಿಲ್ಲ. ಆಮೇಲೆ ಪಂಜೆ ಮಂಗೇಶರಾಯರು ಬಂದರು. ಕುವೆಂಪು ಬ್ರೌನಿಂಗನ ಕಥೆಯನ್ನು ಬೊಮ್ಮನಹಳ್ಳಿಗೆ ತಂದರು, ರಾಜರತ್ನಂ ತುತ್ತೂರಿ ಕೊಟ್ಟರು. ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಕಾರಂತರ 'ಬಾಲಪ್ರಪಂಚ' ದೊಡ್ಡ ಸಾಹಸ, ಆದರೆ ಅದು ತಾನೇ ಓದಬಲ್ಲ ಮಗುವಿಗೆ.

ನನ್ನ ತಲೆಮಾರಿಗೆ ನಿಜವಾಗಿ ಒದಗಿ ಬಂದದ್ದು ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ'. ತಿಂಗಳಿಗೊಂದರಂತೆ ಹನ್ನೆರಡು ಸಂಪುಟ, ದಿನಕ್ಕೊಂದರಂತೆ ವರ್ಷವಿಡೀ ಕಥೆ. ಅವರು ವೈದ್ಯೆಯಾಗಿದ್ದವರು, ದಿನವೂ ಇಷ್ಟಿಷ್ಟು ಎಂಬ ಅಳತೆ ಆ ಕಸುಬಿನಿಂದಲೇ ಬಂದಿರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ರಾಜಾಜಿನಗರದ ವಠಾರದಲ್ಲಿ ಊಟವಾದ ಮೇಲೆ ಒಬ್ಬರ ಮನೆಯಲ್ಲಿ ಸಂಪುಟ ತೆರೆದರೆ ಪಕ್ಕದ ಮನೆಯ ತಮಿಳು ಮಕ್ಕಳೂ ಬಂದು ಕೂರುತ್ತಿದ್ದರು. ಮಕ್ಕಳ ಸಾಹಿತ್ಯದ ಚರಿತ್ರೆಗಳು ಈ ಪುಸ್ತಕಕ್ಕೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ.

ಗಟ್ಟಿಯಾಗಿ ಓದುವಾಗ ಕನ್ನಡದ್ದೇ ಒಂದು ತೊಡಕಿದೆ. ಪುಸ್ತಕದಲ್ಲಿ 'ನರಿಯು ಕಾಡಿಗೆ ಹೊರಟಿತು' ಎಂದಿರುತ್ತದೆ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಾನು ಮೊದಲ ದಿನ 'ನರಿ ಕಾಡಿಗೆ ಹೊರಡ್ತು' ಎಂದು ಹೇಳಿ, ಮೂರನೆಯ ದಿನ ಇದ್ದದ್ದನ್ನು ಇದ್ದ ಹಾಗೆ ಓದುತ್ತಿದ್ದೆ. ಒಮ್ಮೆ ಕೆಂಗೇರಿಯ ಒಂದು ಅಂಗನವಾಡಿಯಲ್ಲಿ ಐದನೆಯ ದಿನ ಮರೆತು ಮತ್ತೆ 'ಹೊರಡ್ತು' ಅಂದೆ. ನಾಲ್ಕು ವರ್ಷದ ಹುಡುಗಿಯೊಬ್ಬಳು ಪುಟದ ಮೇಲೆ ಕೈಯಿಟ್ಟು, 'ಹೊರಟಿತು ಅನ್ನಿ ಮಿಸ್' ಎಂದಳು. ಅವಳಿಗೆ ಒಂದು ಅಕ್ಷರವೂ ಬರುತ್ತಿರಲಿಲ್ಲ. ಪುಸ್ತಕದ ಭಾಷೆ ಕಿವಿಯಿಂದಲೇ ಒಳಗೆ ಇಳಿದಿತ್ತು.

ಪರದೇಶದ ವಿದ್ವಾಂಸರೂ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಓದುವಾಗ ನಡುನಡುವೆ ಕೇಳಿ, ಮಗುವಿನಿಂದ ಹೇಳಿಸಿ ಓದಿದರೆ ಅದರ ಮಾತು ಬೆಳೆಯುತ್ತದೆ ಎಂದು ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ನಮಗೆ ಇನ್ನೂ ಹತ್ತಿರದ್ದು ಕನ್ನಡ ಓದುವ ಮಕ್ಕಳ ಮೇಲೇ ಆದ ಸೋನಾಲಿ ನಾಗ್ ಅವರ 2007ರ ಅಧ್ಯಯನ. ಒತ್ತಕ್ಷರ, ಗುಣಿತಗಳೆಲ್ಲ ಕೈವಶವಾಗಲು ಕನ್ನಡದ ಮಗುವಿಗೆ ಮೂರು ನಾಲ್ಕನೆಯ ತರಗತಿಯವರೆಗೂ ಕಾಲ ಬೇಕು ಎಂಬುದು ಅದರಿಂದ ತಿಳಿಯುತ್ತದೆ. ಅಷ್ಟು ವರ್ಷ ಒಳ್ಳೆಯ ಕಥೆ ಮಗುವನ್ನು ತಲುಪಬೇಕಾದರೆ ದೊಡ್ಡವರ ದನಿಯೇ ಗತಿ.

2004ರಲ್ಲಿ ಪ್ರಥಮ್ ಬುಕ್ಸ್ ಶುರುವಾದ ಮೇಲೆ ಕಡಿಮೆ ಬೆಲೆಯ ಚಿತ್ರಪುಸ್ತಕ ಕನ್ನಡದಲ್ಲೂ ಸಿಕ್ಕಿತು. 2015ರ ಸ್ಟೋರಿವೀವರ್‌ನಿಂದ ಮೊಬೈಲಿಗೂ ಬಂತು. ಇದು ಸಣ್ಣ ಉಪಕಾರವಲ್ಲ. ಆದರೂ ಹಲವು ಅನುವಾದಗಳು ಕಣ್ಣಿಗೆ ಸರಿ, ಬಾಯಿಗೆ ಒಗ್ಗುವುದಿಲ್ಲ. ಎರಡು ಮೂರು ವರ್ಷದ ಕೈ ಹರಿಯದಂಥ ದಪ್ಪ ರಟ್ಟಿನ ಕನ್ನಡ ಪುಸ್ತಕ ಹುಡುಕಿದರೆ ಅಂಗಡಿಯವರು ಇಂಗ್ಲಿಷಿನ ಕಪಾಟು ತೋರಿಸುತ್ತಾರೆ. 1975ರಲ್ಲಿ ತಿ. ನರಸೀಪುರದಿಂದ ಆರಂಭವಾದ ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ ಊಟ, ತೂಕ, ಚುಚ್ಚುಮದ್ದಿನ ಲೆಕ್ಕವೆಲ್ಲ ದಾಖಲೆಯಾಗುತ್ತದೆ. ಇವತ್ತು ಯಾವ ಕಥೆ ಓದಿದಿರಿ ಎಂದು ಕಾರ್ಯಕರ್ತೆಯನ್ನು ಕೇಳಿದ ಮೇಲಧಿಕಾರಿಯನ್ನು ನಾನು ಕಂಡಿಲ್ಲ.

ವಿಜಯನಗರ, ರಾಜಾಜಿನಗರದ ಎಷ್ಟೋ ಮನೆಗಳ ಅಟ್ಟದ ಮೇಲೆ 'ದಿನಕ್ಕೊಂದು ಕಥೆ'ಯ ಆ ಹನ್ನೆರಡು ಸಂಪುಟಗಳು ಇನ್ನೂ ಇವೆ. ಕೆಳಗಿಳಿಸಿ, ದೂಳು ಒರೆಸಿ, ಹತ್ತಿರದ ಅಂಗನವಾಡಿಗೆ ಒಂದು ಸಂಪುಟ ಒಯ್ದು ಕೊಡಿ. ಕೊಟ್ಟು ಹಾಗೇ ಬರಬೇಡಿ, ಅರ್ಧ ಗಂಟೆ ಕೂತು ಒಂದು ಕಥೆ ಓದಿ ಬನ್ನಿ.